ಹುಶ್ಶಕ್ಕ ಮತ್ತು ಎರಡು ಸಾವಿರ ಜುಟ್ಟು

ಬೆಳಗಿನ ಐದೂವರೆ. ವಿಮಾನ ನಿಲ್ದಾಣದ ದೀಪಗಳು ಮಂಜಿನಲ್ಲಿ ಹತ್ತಿಯ ಉಂಡೆಗಳಂತೆ ಕಾಣುತ್ತಿವೆ. ರನ್‌ವೇಯ ಪಡುವಣ ತುದಿಯಲ್ಲಿ ಐವತ್ತರ ಆಚೀಚಿನ ಒಬ್ಬ ಹೆಂಗಸು ನಿಂತಿದ್ದಾರೆ. ಮೊಣಕಾಲಿನವರೆಗೆ ರಬ್ಬರ್ ಬೂಟು, ಹಳದಿ ಹೊಳಪಿನ ನಿಲುವಂಗಿ, ಕಿವಿ ಮುಚ್ಚುವ ಉಣ್ಣೆಯ ಟೋಪಿ. ಕೈಯಲ್ಲಿ ಚರ್ಮದ ಪಟ್ಟಿಯಿಂದ ಜೋಡಿಸಿದ ಎರಡು ಹಲಗೆ. ಟೋಪಿಯನ್ನು ಒಂದು ಕಿವಿಯಿಂದ ಮೇಲಕ್ಕೆ ಸರಿಸಿ ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತಾರೆ. ಆಮೇಲೆ ನಡೆಯಲು ತೊಡಗುತ್ತಾರೆ. ನೇರವಾಗಿ ಅಲ್ಲ, ಓರೆಯಾಗಿ, ಏನೋ ಕಳೆದುಕೊಂಡು ಹುಡುಕುವವರ ಹಾಗೆ.

ಐವತ್ತು ಹೆಜ್ಜೆಯಾದ ಮೇಲೆ ಹಲಗೆಗಳು ಫಟ್ಟೆಂದು ಒಂದಕ್ಕೊಂದು ಬಡಿಯುತ್ತವೆ. "ಹುಶ್! ಹೂಶ್ಶ್!" ಹುಲ್ಲಿನ ಅಂಚಿನಿಂದ ಒಂದು ಹಿಂಡು ಮೇಲೇಳುತ್ತದೆ. ಅಗಲವಾದ ರೆಕ್ಕೆ, ಬಿಳಿಯ ಹೊಟ್ಟೆ, ಆಟಿಕೆಯ ಪೀಪಿಯಂತಹ ಕೂಗು.

"ಎಣಿಸ್ಕೊಂಡ್ರಾ?" ಎಂದು ಆಕೆ ನನ್ನನ್ನು ಕೇಳುತ್ತಾರೆ. ಆಕೆಯ ಕೆಲಸದ ಬಗ್ಗೆ ಬರೆಯಲೆಂದು ಬಂದ ನಾನು ಹಕ್ಕಿಗಳ ಚೆಂದ ನೋಡುತ್ತ ನಿಂತುಬಿಟ್ಟಿದ್ದೆ. "ಮೂವತ್ತಾರು. ಒಂದಕ್ಕೆ ಕಾಲು ಊನ. ಅದು ಎಲ್ಲಕ್ಕಿಂತ ಕೊನೇಲಿ ಏಳತ್ತೆ. ಅದನ್ನ ಅವಸರ ಮಾಡಬಾರದು, ಪಾಪ."

ನಿಲ್ದಾಣದ ಕಾಗದಗಳಲ್ಲಿ ಇವರ ಹುದ್ದೆಗೆ ಒಂದು ಸಾಲು ಉದ್ದದ ಹೆಸರಿದೆ. ಅದನ್ನು ಪೂರ್ತಿ ಹೇಳಿದವರನ್ನು ನಾನು ಕಾಣಲಿಲ್ಲ. ಕೆಲಸವೇನೋ ಸರಳ: ವಿಮಾನ ಇಳಿಯುವಾಗಲೂ ಏಳುವಾಗಲೂ ಹಾದಿಯಲ್ಲಿ ಹಕ್ಕಿ ಇರಕೂಡದು. ಮುಷ್ಟಿಯಷ್ಟು ದೊಡ್ಡ ಹಕ್ಕಿ ಇಂಜಿನ್ನಿನೊಳಗೆ ಹೋದರೂ ಒಳಗೆ ಕುಳಿತವರೆಲ್ಲರ ಜೀವಕ್ಕೆ ಕುತ್ತು ಬರುತ್ತದೆ. ಹಾಗಾಗಿ ಓಡಿಸುವುದಕ್ಕೆ ಒಬ್ಬರು ಬೇಕು. ಗೇಟಿನ ಕಾವಲುಗಾರನಿಂದ ವ್ಯವಸ್ಥಾಪಕರವರೆಗೆ ಎಲ್ಲರೂ ಅವರನ್ನು ಹುಶ್ಶಕ್ಕ ಎಂದೇ ಕರೆಯುತ್ತಾರೆ. ಆಕೆಗೂ ಬೇಸರವಿಲ್ಲ. "ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಚೀಟೀಲಿದೆ. ಅಲ್ಲೇ ಭದ್ರವಾಗಿರಲಿ" ಎನ್ನುತ್ತಾರೆ.

ಊರು ಚಿಕ್ಕದು, ನಿಲ್ದಾಣವೂ ಚಿಕ್ಕದು. ದಿನಕ್ಕೆ ಹನ್ನೊಂದು ವಿಮಾನ. ಮಂಗಳವಾರ ಮತ್ತು ಶುಕ್ರವಾರ ರೋಗಿಗಳನ್ನು ದೂರದ ದೊಡ್ಡ ಆಸ್ಪತ್ರೆಗೆ ಒಯ್ಯುವ ಪುಟ್ಟ ವಿಮಾನವೊಂದು ಹೆಚ್ಚಿಗೆ ಬರುತ್ತದೆ. ರನ್‌ವೇಯ ಉದ್ದ ಹದಿನೆಂಟುನೂರು ಮೀಟರು. ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಬಂದರೆ ಒಂದು ಸುತ್ತು. ದಿನಕ್ಕೆ ಅಂಥ ಆರು ಸುತ್ತು. ಇಪ್ಪತ್ತೊಂದು ಕಿಲೋಮೀಟರಿಗೆ ಮಿಕ್ಕಿದ ನಡಿಗೆ ಅದು. ಚಳಿಗಾಲಕ್ಕೊಂದು ಜೊತೆ ಬೂಟು ಸವೆಯುತ್ತದೆ. ಮೈಕು ಕಟ್ಟಿದ ಜೀಪೊಂದು ಇದೆ. ಅದನ್ನು ಓಡಿಸುವವನಿಗೆ ಎಲ್ಲರೂ ಸೇರಿ 'ಪೈಲಟ್' ಎಂದು ಹೆಸರಿಟ್ಟಿದ್ದಾರೆ. ಆದರೂ ಆಕೆ ನಡೆಯುವುದನ್ನು ಬಿಟ್ಟಿಲ್ಲ.

"ಗಾಡಿಗೆ ಹಕ್ಕಿ ಹೆದರಲ್ಲ. ನಾಲ್ಕು ದಿನ ನೋಡತ್ತೆ, ಐದನೇ ದಿನ ಬಂದು ಬಾನೆಟ್ ಮೇಲೇ ಕೂತ್ಕೊಳತ್ತೆ. ನಡ್ಕೊಂಡು ಬರೋ ಮನುಷ್ಯ ಅಂದ್ರೆ ಮಾತ್ರ ಅದಕ್ಕೆ ಯಾವತ್ತೂ ಅನುಮಾನ."

ಪೈಲಟ್ ಪಕ್ಕದಿಂದ ಹೇಳುತ್ತಾನೆ: "ನಮ್ಮ ಅಕ್ಕನ್ನ ಕಂಡ್ರೆ ನಮಗೇ ಅನುಮಾನ, ಹಕ್ಕಿಗಿರಲ್ವಾ?"

"ಸುಮ್ನಿರೋ. ನಿನ್ನ ಜೀಪಿಗಿಂತ ನನ್ನ ಮೊಣಕಾಲೇ ಕಡಿಮೆ ಕಿರ್ರ್ ಅನ್ನತ್ತೆ."

ಜೊತೆಗಿದ್ದ ಜೀವ ಹೋಗಿ, ಮನೆಯಲ್ಲಿ ಎರಡನೆಯ ಲೋಟ ತೊಳೆದಿಡುವ ಕೆಲಸ ತಪ್ಪಿಹೋದ ಮೇಲೆ ನನಗೆ ನಸುಕಿಗೇ ಎಚ್ಚರವಾಗುತ್ತದೆ. ಆದ್ದರಿಂದ ಹುಶ್ಶಕ್ಕ ಐದೂವರೆಗೆ ಬನ್ನಿ ಎಂದಾಗ ನನಗೆ ಕಷ್ಟವೆನಿಸಲಿಲ್ಲ. ಆಕೆ ಏಳುವುದು ನಾಲ್ಕಕ್ಕೆ. ಗಂಡ ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಕೆಲಸದವರು. ಅವರು ಮನೆಗೆ ಬರುವ ಹೊತ್ತಿಗೆ ಇವರು ಹೊರಡುತ್ತಾರೆ. "ಮದುವೆಯಾಗಿ ಮೂವತ್ತು ವರ್ಷ. ಅದರಲ್ಲಿ ಅರ್ಧ ಸಂಸಾರ ಹೊಸ್ತಿಲ ಮೇಲೇ ಮಾಡಿದೀವಿ. ಅವರು ಬಿಸಿ ಬ್ರೆಡ್ಡು ಕೈಗೆ ಕೊಡ್ತಾರೆ, ನಾನು ಬೀಗದ ಕೈ ಅವರ ಕೈಗೆ ಕೊಡ್ತೀನಿ." ಎರಡು ಕೋಣೆಯ ಮನೆ. ಒಲೆಯ ಪಕ್ಕ ಯಾವಾಗಲೂ ಒಂದು ಜೊತೆ ಬೂಟು ತಲೆಕೆಳಗಾಗಿ ಒಣಗುತ್ತಿರುತ್ತದೆ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಹಿಂದೆ ನಾದಿನಿ. ಇವರಿಗಿಂತ ಆರು ವರ್ಷ ಚಿಕ್ಕವಳು. ಹುಶ್ಶಕ್ಕನ ನಿಲುವಂಗಿಗೆ ಒಳಗಡೆ ಹಳೆಯ ಕಂಬಳಿಯ ತುಂಡನ್ನು ಜೋಡಿಸಿ ಹೊಲಿದುಕೊಟ್ಟವಳು ಅವಳೇ, "ಇದರ ತೂಕಕ್ಕೆ ನೀನು ಹಾರಿಹೋಗಲ್ಲ ಬಿಡು" ಎಂದವಳೂ ಅವಳೇ.

ಹುಶ್ಶಕ್ಕ ನಿಲ್ದಾಣಕ್ಕೆ ಮೊದಲು ಬಂದದ್ದು ಹುಲ್ಲು ಕತ್ತರಿಸುವ ಆಳಾಗಿ. ಆಗ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲ, ಹೊಡೆಯುತ್ತಿದ್ದರು. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಬಂದೂಕಿನವರು ಬರುತ್ತಿದ್ದರು. ಅವರು ಹೊಡೆದು ಹೋದ ಮೇಲೆ ಬಿದ್ದದ್ದನ್ನು ಹೆಕ್ಕುವುದು ಹುಲ್ಲಿನವರ ಪಾಲಿನ ಕೆಲಸ.

"ಗೋಣಿಚೀಲ ಕೊಡ್ತಿದ್ರು. ಹೆಕ್ಕಿ ಹೆಕ್ಕಿ ಹಾಕೋದು. ಇನ್ನೂ ಬಿಸಿ ಇರ್ತಿತ್ತು" ಎಂದು ಆಕೆ ಹಲಗೆಯ ಪಟ್ಟಿಯನ್ನು ಬಿಗಿ ಮಾಡುತ್ತ ಹೇಳುತ್ತಾರೆ. "ಒಂದ್ಸಲ ಚೀಲ ಹೆಗಲ ಮೇಲೆ ಹಾಕ್ಕೊಂಡು ಬರ್ತಾ ಇದ್ದೆ. ಬೆನ್ನ ಹತ್ರ ಏನೋ ಅಲ್ಲಾಡ್ತು. ಇಳಿಸಿ ನೋಡಿದ್ರೆ ಒಳಗೆ ಒಂದು ಕಣ್ಣು ಬಿಟ್ಕೊಂಡು ನೋಡ್ತಾ ಇದೆ. ಆವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ ನಾನು."

ದೇವರು ಕೆಲವರ ಮನಸ್ಸು ಕರಗಿಸಿ ಅಷ್ಟಕ್ಕೇ ಬಿಡುತ್ತಾನೆ. ಕೆಲವರಿಗೆ ಅದರ ಜೊತೆಗೆ ಉಪಾಯವನ್ನೂ ಕೊಡುತ್ತಾನೆ. ಹುಲ್ಲನ್ನು ನೆಲಕ್ಕೆ ಸಮನಾಗಿ ಕತ್ತರಿಸಿದ ಮಾರನೆಯ ದಿನವೇ ಹಕ್ಕಿಗಳು ಬಂದು ಇಳಿಯುವುದನ್ನು ಆಕೆ ಕಂಡಿದ್ದರು. ಹುಲ್ಲು ಎತ್ತರವಿದ್ದರೆ ಅವಕ್ಕೆ ಸುತ್ತ ಕಾಣದು, ಹುಳು ಸಿಗದು; ಅವು ಇಳಿಯವು. ಅಂದಿನ ವ್ಯವಸ್ಥಾಪಕರ ಕೋಣೆಗೆ ಹೋಗಿ, "ಸಾರ್, ಹುಲ್ಲು ಕತ್ತರಿಸಬೇಡಿ" ಎಂದರು. ಹುಲ್ಲು ಕತ್ತರಿಸುವವಳು ಬಂದು ಹುಲ್ಲು ಕತ್ತರಿಸಬೇಡಿ ಎಂದರೆ ಯಾರು ತಾನೆ ನಗುವುದಿಲ್ಲ? ಜೊತೆಯವರಂತೂ, "ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕ್ಕೊಂಡ್ಯಲ್ಲೇ" ಎಂದು ಬೈದರು. ಆದರೆ ಆ ಅಧಿಕಾರಿ ಒಂದು ಚಳಿಗಾಲ ನೋಡೋಣವೆಂದರು. ಹುಲ್ಲು ಗೇಣುದ್ದ ಬೆಳೆಯಿತು, ಹಕ್ಕಿ ಕಡಿಮೆಯಾಯಿತು. ಉಳಿದದ್ದನ್ನು ಓಡಿಸಲು ಆಕೆಯನ್ನೇ ನೇಮಿಸಿದರು. ಆಕೆ ಓಡಿಸಲಾಗದೆ ಹೋದ ದಿನ ಬಂದೂಕಿನವರು ಮತ್ತೆ ಬರಬಹುದು ಎಂಬುದು ಒಪ್ಪಂದ. ಹದಿನೇಳು ಚಳಿಗಾಲ ಕಳೆದಿವೆ. ಆ ದಿನ ಬಂದಿಲ್ಲ.

ಈ ಸಲ ಬಂದೇಬಿಡುವುದರಲ್ಲಿತ್ತು.

ತಂತಿಬೇಲಿಯ ಆಚೆ, ರಸ್ತೆಯ ಬದಿಯಲ್ಲಿ, ಪ್ರತಿ ಚಳಿಗಾಲವೂ ಐದಾರು ಜನ ದುರ್ಬೀನು ಹಿಡಿದು ನಿಲ್ಲುತ್ತಾರೆ. ಹಕ್ಕಿ ನೋಡುವ ಹವ್ಯಾಸದವರು. ಅವರಲ್ಲಿ ಹಿರಿಯರು ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರ್. ಇವರಿಗೆ ಹಕ್ಕಿ ಬರಬೇಕು, ಹುಶ್ಶಕ್ಕನಿಗೆ ಹೋಗಬೇಕು. ಆದರೂ ಬೇಲಿಯ ಎರಡು ಕಡೆಯಿಂದ ಹದಿನೇಳು ವರ್ಷದ ಸ್ನೇಹ. ಅವರು ಮೊದಲು ಕಂಡದ್ದನ್ನು ಫೋನ್ ಮಾಡಿ ಹೇಳುತ್ತಾರೆ, ಇವರು ಓಡಿಸಿದ ಲೆಕ್ಕವನ್ನು ಅವರಿಗೆ ಕೊಡುತ್ತಾರೆ.

ಈ ಚಳಿಗಾಲದ ಒಂದು ಭಾನುವಾರ ಪೋಸ್ಟ್ ಮಾಸ್ಟರ್ ಬೇಲಿಯಾಚೆಯ ಕೆಸರಿನಲ್ಲಿ ಹನ್ನೆರಡು ಟಿಟ್ಟಿಭ ಹಕ್ಕಿಗಳನ್ನು ಕಂಡರು, ಜುಟ್ಟು ಇರುವಂಥವು. ನಮ್ಮಲ್ಲಿ ವರ್ಷವಿಡೀ ಇರುವ ಟಿಟ್ಟಿಭಕ್ಕೆ ಜುಟ್ಟಿಲ್ಲ. ಇದು ಉತ್ತರದ್ದು; ನೆತ್ತಿಯ ಹಿಂದೆ ಮೇಲಕ್ಕೆ ಬಾಗಿದ ಕರಿಯ ಎಳೆಯೊಂದು, ಬೆನ್ನಿಗೆ ಹಸಿರು ಮಿಂಚು. ಸಾಧಾರಣ ಚಳಿಗಾಲದಲ್ಲಿ ಇಪ್ಪತ್ತೋ ಮೂವತ್ತೋ ಬರುತ್ತವೆ. ಉತ್ತರದಲ್ಲಿ ನೆಲ ಹೆಪ್ಪುಗಟ್ಟಿ ಕೊಕ್ಕು ಊರಲಾಗದಂತಾದರೆ ಮಾತ್ರ ಹಿಂಡಿಗೆ ಹಿಂಡೇ ಇಳಿದು ಬರುತ್ತದೆ. ಸೋಮವಾರ ಅವು ನೂರ ಅರವತ್ತಾದವು. ಪೋಸ್ಟ್ ಮಾಸ್ಟರ್ ಫೋನಿನಲ್ಲಿ ಕುಣಿಯುತ್ತಿದ್ದರು.

"ಅಕ್ಕಾ, ಜನ್ಮದಲ್ಲಿ ನೋಡಿಲ್ಲ ಇಷ್ಟನ್ನ! ಇನ್ನೂ ಬರ್ತಾವೆ!"

"ನಿಮಗೆ ಸಂಭ್ರಮ ಸಾರ್, ನನಗೆ ಪ್ರಾಣಸಂಕಟ. ಎಷ್ಟು ಬರ್ತಾವೆ ಹೇಳಿ."

"ಅದು ಅವುಗಳ ಇಷ್ಟ."

ಮಂಗಳವಾರ ಒಂಬೈನೂರು. ಇಷ್ಟು ಹೊಟ್ಟೆ ಒಟ್ಟಿಗೆ ಹಸಿದಾಗ ಗೇಣುದ್ದದ ಹುಲ್ಲು ಯಾವ ಲೆಕ್ಕ? ರನ್‌ವೇಯ ಎರಡು ಅಂಚಿನ ಬೋಳು ಪಟ್ಟಿಯಲ್ಲೆಲ್ಲ ಇಳಿದವು. ಹುಶ್ಶಕ್ಕ ಪೂರ್ವದಲ್ಲಿ ಎಬ್ಬಿಸಿದರೆ ಪಶ್ಚಿಮದಲ್ಲಿ ಕೂತವು, ಪಶ್ಚಿಮದಲ್ಲಿ ಎಬ್ಬಿಸಿದರೆ ಪೂರ್ವಕ್ಕೆ ಬಂದವು. ರೋಗಿಗಳ ವಿಮಾನ ಇಳಿಯಲಾಗದೆ ಮೇಲೆ ಇಪ್ಪತ್ತು ನಿಮಿಷ ಸುತ್ತು ಹೊಡೆಯಿತು. ಕೆಳಗೆ ಆಂಬುಲೆನ್ಸಿನಲ್ಲಿ ಒಬ್ಬ ಬಾಣಂತಿ ಕಾಯುತ್ತಿದ್ದಳು.

ಈಗಿನ ವ್ಯವಸ್ಥಾಪಕರು ಕೆಟ್ಟವರಲ್ಲ. ಹುಶ್ಶಕ್ಕನನ್ನು ಕೂರಿಸಿ ಚಹಾ ಕೊಟ್ಟೇ ಮಾತು ಶುರುಮಾಡಿದರು. "ನೋಡಿ ಅಕ್ಕ, ಶನಿವಾರ ಬೆಳಿಗ್ಗೆ ಏಳು ಗಂಟೆವರೆಗೆ ಟೈಮಿದೆ. ಅಷ್ಟರೊಳಗೆ ಹೋಗಲಿಲ್ಲ ಅಂದ್ರೆ ಬಂದೂಕಿನವರಿಗೆ ಹೇಳಿದೀನಿ. ನನ್ನ ಮೇಲೆ ಸಿಟ್ಟಾಗಬೇಡಿ."

"ಸಿಟ್ಟೇನಿಲ್ಲ ಸಾರ್" ಎಂದರಂತೆ ಹುಶ್ಶಕ್ಕ. "ಆ ಬಾಣಂತಿ ನನ್ನ ಮಗಳಾಗಿದ್ರೆ ನಾನೂ ಹಾಗೇ ಹೇಳ್ತಿದ್ದೆ."

ಬುಧವಾರದ ತಪ್ಪನ್ನು ಆಕೆ ತಾವಾಗಿಯೇ ಹೇಳಿದರು. ಜೀಪಿನ ಮೈಕಿನಲ್ಲಿ ಹಾಕಲು ಹಕ್ಕಿಗಳ ಆರ್ತನಾದದ ಧ್ವನಿಮುದ್ರಣಗಳಿವೆ. ಗಿಡುಗ ಹಿಡಿದಾಗ ಕಾಗೆ ಕೂಗುವ ಕೂಗು, ಪಾರಿವಾಳದ್ದು, ಟಿಟ್ಟಿಭದ್ದು. ತಮ್ಮ ಜಾತಿಯ ಸಂಕಟದ ಕೂಗು ಕೇಳಿದರೆ ಉಳಿದವು ಜಾಗ ಬಿಡುತ್ತವೆ. ಹುಶ್ಶಕ್ಕ ಟಿಟ್ಟಿಭದ ಗುಂಡಿ ಒತ್ತಿಸಿದರು. ಮೈಕು ಇಡೀ ಬಯಲು ಬೆಚ್ಚುವಂತೆ ಕಿರುಚಿತು.

ಸಾವಿರಾರು ತಲೆಗಳು ಒಮ್ಮೆಗೇ ಮೇಲೆದ್ದವು. ಜುಟ್ಟುಗಳು ನಿಮಿರಿದವು. ಆಮೇಲೆ ಇಡೀ ಹಿಂಡು ಪುಟುಪುಟು ನಡೆದು ಜೀಪಿನ ಹತ್ತಿರಕ್ಕೆ ಬರತೊಡಗಿತು. ಮೈಕಿನಲ್ಲಿ ಇದ್ದದ್ದು ನಮ್ಮ ಊರಿನ ಟಿಟ್ಟಿಭದ ಕೂಗು. ಉತ್ತರದಿಂದ ಬಂದವಕ್ಕೆ ಅದು ಸಂಕಟವೆಂದೇ ತಿಳಿಯಲಿಲ್ಲ. ಏನೋ ಹೊಸದು, ನೋಡೋಣವೆಂದು ಬಂದವು.

"ಅಕ್ಕಾ, ಇವು ಹಾಡು ಕೇಳೋಕೆ ಬಂದಿದಾವೆ ಕಣಕ್ಕಾ" ಎಂದನಂತೆ ಪೈಲಟ್. "ಇನ್ನೊಂದು ಹಾಕ್ಲಾ?"

"ಮೊದಲು ಅದನ್ನ ಆರಿಸು, ಮಾರಾಯ!"

ಅಂದು ಪೋಸ್ಟ್ ಮಾಸ್ಟರ್ ಬೇಲಿಯಾಚೆಯಿಂದ ಎಣಿಸಿದ್ದು ಎರಡು ಸಾವಿರದ ನೂರ ಹತ್ತು. ಸಂಖ್ಯೆ ಹೇಳುವಾಗ ಅವರ ದನಿಯಲ್ಲಿ ಕುಣಿತವಿರಲಿಲ್ಲ. ಬಂದೂಕಿನ ಸುದ್ದಿ ಅವರಿಗೂ ತಲುಪಿತ್ತು.

ಮನೆಗೆ ಬಂದ ಹುಶ್ಶಕ್ಕ ಬೂಟು ಕೂಡ ಕಳಚದೆ ಕೂತುಬಿಟ್ಟರು. ನಾದಿನಿ ಹೊಲಿಗೆ ನಿಲ್ಲಿಸಲಿಲ್ಲ.

"ಏನೇ, ಹಕ್ಕಿ ನಿನ್ನನ್ನೇ ಓಡಿಸಿದ್ವಾ?"

"ಎಷ್ಟು ಹೋಗು ಅಂದ್ರೂ ಹೋಗಲ್ವಲ್ಲೇ. ಬೆಳಿಗ್ಗೆಯಿಂದ ಕೂಗಿ ಕೂಗಿ ಗಂಟಲು ಬಿದ್ದುಹೋಯ್ತು."

"ಹೋಗು ಹೋಗು ಅಂತೀಯ. ಎಲ್ಲಿಗೆ ಹೋಗಬೇಕು ಅಂತ ಹೇಳಿದೀಯಾ?" ಎಂದಳು ನಾದಿನಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತ. "ಮನೇಲಿ ಅನ್ನ ಇಲ್ದೆ ಬಂದೋರನ್ನ ಬಾಗಿಲಿಂದ ಆಚೆ ಹಾಕಿದ್ರೆ, ಹಿತ್ತಲ ಕಡೆಯಿಂದ ಬರ್ತಾರೆ. ನೀನಾದ್ರೂ ಅಷ್ಟೇ, ನಾನಾದ್ರೂ ಅಷ್ಟೇ."

ಹುಶ್ಶಕ್ಕ ಬೂಟು ಕಳಚಿ ಒಲೆಯ ಪಕ್ಕ ತಲೆಕೆಳಗಾಗಿ ಇಟ್ಟರು. ಆಮೇಲೆ ಪೋಸ್ಟ್ ಮಾಸ್ಟರಿಗೆ ಫೋನ್ ಮಾಡಿದರು. "ಸಾರ್, ನಿಮ್ಮೋರ ಹತ್ರ ಕತ್ತಿ ಇದೆಯಾ?"

ನಿಲ್ದಾಣದಿಂದ ಮೂರು ಕಿಲೋಮೀಟರು ದೂರದಲ್ಲಿ ನಿಂತುಹೋದ ಇಟ್ಟಿಗೆ ಗೂಡಿನ ಬಯಲೊಂದಿದೆ. ಮಣ್ಣು ತೆಗೆದ ಹೊಂಡಗಳಲ್ಲಿ ನೀರು, ಸುತ್ತ ಮೆತ್ತಗಿನ ನೆಲ, ಆ ನೆಲದ ತುಂಬ ಹುಳು. ಆದರೆ ಸೊಂಟದೆತ್ತರ ಜೊಂಡು ಬೆಳೆದು ಹಕ್ಕಿಗೆ ಕಾಣದು. ಗೂಡಿನ ಯಜಮಾನ ಫೋನಿನಲ್ಲಿ, "ಹುಲ್ಲು ಕೊಯ್ಯೋಕೆ ಪರ್ಮಿಶನ್ ಕೇಳೋರನ್ನ ಇವತ್ತೇ ನೋಡಿದ್ದು. ಕೊಯ್ಕೊಳ್ಳಿ" ಎಂದ. ಗುರುವಾರ ಮಧ್ಯಾಹ್ನ ಕೆಲಸ ಮುಗಿಸಿ ಹುಶ್ಶಕ್ಕ ಅಲ್ಲಿಗೆ ಹೋದಾಗ, ಬೇಲಿಯ ಬಳಗ ಸಾಲಾಗಿ ನಿಂತಿತ್ತು: ಒಬ್ಬ ಔಷಧಿ ಅಂಗಡಿಯವರು, ಇಬ್ಬರು ಅಕ್ಕತಂಗಿಯರು, ಒಬ್ಬ ಗಡಿಯಾರ ರಿಪೇರಿಯವರು, ಪೋಸ್ಟ್ ಮಾಸ್ಟರ್. ಹುಲ್ಲಿನ ಯಂತ್ರವನ್ನು ಪೈಲಟ್ ಜೀಪಿನಲ್ಲಿ ತಂದಿದ್ದ. ಯಾರನ್ನು ಕೇಳಿ ತಂದನೋ, ಯಾರೂ ಕೇಳಲಿಲ್ಲ.

ಯಂತ್ರ ಹೋಗದ ಕಡೆ ಕತ್ತಿ. ಜನ್ಮದಲ್ಲಿ ಕತ್ತಿ ಹಿಡಿಯದ ಪೋಸ್ಟ್ ಮಾಸ್ಟರ್ ಮೊದಲ ಏಟಿಗೇ ತಮ್ಮ ಷೂ ಲೇಸನ್ನು ಕತ್ತರಿಸಿಕೊಂಡರು.

"ಸಾರ್, ದುರ್ಬೀನು ತೆಗೆದಿಡಿ. ಹುಲ್ಲು ಹತ್ರಾನೇ ಇದೆ, ಕಾಣತ್ತೆ" ಎಂದರು ಹುಶ್ಶಕ್ಕ.

ಗುರುವಾರ ಕತ್ತಲಾಗುವವರೆಗೆ, ಶುಕ್ರವಾರ ಎರಡು ಗಂಟೆಯವರೆಗೆ. ನಾಲ್ಕು ಫುಟ್‌ಬಾಲ್ ಮೈದಾನದಷ್ಟು ನೆಲ ಬೋಳಾಯಿತು. ನಾದಿನಿ ಕೂಡ ಬಂದು ಕೊಯ್ದ ಜೊಂಡನ್ನು ಅಂಚಿಗೆ ಎಳೆದು ಹಾಕಿದಳು. ಎಳೆಯುತ್ತ, "ಇಷ್ಟು ಸೇವೆ ನಮ್ಮಣ್ಣಂಗೆ ಮಾಡಿದ್ರೆ ದಪ್ಪ ಆಗಿರ್ತಿದ್ದ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಶುಕ್ರವಾರ ಮೂರೂವರೆಗೆ ಹುಶ್ಶಕ್ಕ ರನ್‌ವೇಗೆ ಮರಳಿದರು. ಹಕ್ಕಿ ಏಳುವುದು ಗಾಳಿಗೆ ಎದುರಾಗಿ. ಗಾಳಿಯೂ ಅಂದು ಇಟ್ಟಿಗೆ ಗೂಡಿನ ದಿಕ್ಕಿನಿಂದಲೇ ಬೀಸುತ್ತಿತ್ತು. ಅದು ದೇವರ ದಯೆಯೆಂದು ನಾನು ಹೇಳಿದಾಗ ಆಕೆ, "ದಯೆ ಇತ್ತು, ಆದ್ರೆ ಒಂದು ಗಂಟೆ ಲೇಟು. ಅಷ್ಟು ಹೊತ್ತು ಕಾದು ನಿಂತಿದ್ದೆ" ಎಂದರು. ಈ ಸಲ ಕೂಗಲಿಲ್ಲ, ಬಡಿಯಲಿಲ್ಲ. ಹಿಂಡಿನ ಹಿಂದೆ ಉದ್ದಕ್ಕೆ, ನಿಧಾನವಾಗಿ, ಕೈಗಳನ್ನು ಅಗಲ ಚಾಚಿ ನಡೆದರು. ಎರಡು ಸಾವಿರ ಹಕ್ಕಿ ಎದ್ದು ಒಂದು ದೊಡ್ಡ ಬಟ್ಟೆ ಕೊಡವಿದಂತೆ ಆಕಾಶದಲ್ಲಿ ಹೊರಳಿ ಬೇಲಿ ದಾಟಿದವು. ಕಾಣದಾದವು. ಇಟ್ಟಿಗೆ ಗೂಡಿನಲ್ಲಿ ಕಾಯುತ್ತಿದ್ದ ಪೋಸ್ಟ್ ಮಾಸ್ಟರ್ ಆರು ಗಂಟೆಗೆ ಫೋನ್ ಮಾಡಿ, "ಸುತ್ತು ಹೊಡೆದು ಹೋದ್ವು ಅಕ್ಕ. ಕೂರಲಿಲ್ಲ" ಎಂದರು.

ಶನಿವಾರ ಬೆಳಿಗ್ಗೆ ಐದಕ್ಕೇ ಆಕೆ ರನ್‌ವೇಯಲ್ಲಿದ್ದರು. ಬೆಳಕು ಹರಿಯುವಾಗ ಕಂಡದ್ದು ನಲವತ್ತೆಂಟು ಹಕ್ಕಿ. ಉಳಿದವು ಎಲ್ಲಿ? ಆರೂಮುಕ್ಕಾಲಿಗೆ ವ್ಯಾನಿನಲ್ಲಿ ಇಬ್ಬರು ಬಂದೂಕಿನವರು ಬಂದರು. ವ್ಯವಸ್ಥಾಪಕರು ಗಡಿಯಾರ ನೋಡಿಕೊಂಡರು. ಹುಶ್ಶಕ್ಕ ಆ ನಲವತ್ತೆಂಟರ ಹಿಂದೆ ನಡೆಯುತ್ತಿದ್ದರು. ಅವು ಎದ್ದು, ತಿರುಗಿ, ಬೇಲಿಯ ಮೇಲಿಂದ ಹೋದವು. ಆಗ ಫೋನ್ ಬಡಿದುಕೊಂಡಿತು. ಅತ್ತ ಕಡೆ ಪೋಸ್ಟ್ ಮಾಸ್ಟರ್.

"ಸಾರ್, ಹೇಳಿ ಸಾರ್. ಇದಾವಾ?"

"ಬೆಳಗಾದ ಮೇಲೆ ಬಂದ್ವು ಅಕ್ಕ. ನೆಲ ಕಾಣ್ತಾ ಇಲ್ಲ. ಬರೀ ಜುಟ್ಟು."

ಬಂದೂಕಿನವರು ಖಾಲಿ ರನ್‌ವೇಯನ್ನು ಒಮ್ಮೆ ನೋಡಿ, ಕ್ಯಾಂಟೀನಿನಲ್ಲಿ ಚಹಾ ಕುಡಿದು ಹೋದರು. ಏಳೂಕಾಲಿಗೆ ಮೊದಲ ವಿಮಾನ ಇಳಿಯಿತು. ಇಳಿದ ನಲವತ್ತು ಜನರಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ.

"ತಿಳೀಬಾರದು" ಎನ್ನುತ್ತಾರೆ ಹುಶ್ಶಕ್ಕ. "ನನ್ನ ಕೆಲಸ ಜನಕ್ಕೆ ಗೊತ್ತಾಯ್ತು ಅಂದ್ರೆ ಕೆಟ್ಟಿದೆ ಅಂತಲೇ ಲೆಕ್ಕ." ನಿಲ್ದಾಣದ ಗೋಡೆಯ ಮೇಲೆ ಪ್ರತಿ ವರ್ಷದ ಸಿಬ್ಬಂದಿಯ ಚಿತ್ರಗಳಿವೆ. ಹದಿನೇಳರಲ್ಲಿ ಒಂದರಲ್ಲೂ ಆಕೆ ಇಲ್ಲ. ಚಿತ್ರ ತೆಗೆಯುವುದು ಬೆಳಿಗ್ಗೆ ಹತ್ತಕ್ಕೆ; ಆಗ ಮೂರನೆಯ ಸುತ್ತು.

ಇದೆಲ್ಲ ಆಗಿ ಮೂರು ವಾರವಾಗಿದೆ. ಜುಟ್ಟಿನ ಟಿಟ್ಟಿಭಗಳು ಇನ್ನೂ ಇಟ್ಟಿಗೆ ಗೂಡಿನ ಬಯಲಿನಲ್ಲೇ ಇವೆ. ದಾರಿ ತಪ್ಪಿದ ಮೂವತ್ತೋ ನಲವತ್ತೋ ಹಕ್ಕಿ ದಿನವೂ ಬೆಳಿಗ್ಗೆ ರನ್‌ವೇಗೆ ಬರುತ್ತವೆ, ಮೊದಲ ಸುತ್ತಿಗೇ ಎದ್ದು ಹೋಗುತ್ತವೆ. ದೂರದ ಊರುಗಳಿಂದಲೂ ಜನ ಬಂದು ಬಯಲಿನ ಅಂಚಿನಲ್ಲಿ ನಿಂತು ನೋಡಿ ಹೋಗುತ್ತಾರೆ. ಹುಶ್ಶಕ್ಕ ಮಾತ್ರ ಆ ಶುಕ್ರವಾರದ ನಂತರ ಅಲ್ಲಿಗೆ ಕಾಲಿಟ್ಟಿಲ್ಲ.

ಸಂಜೆ ನಾನು ಆಕೆಯ ಜೊತೆ ಬಸ್ಸಿನಲ್ಲಿ ಮರಳುತ್ತಿದ್ದೆ. ಬಸ್ಸು ಬಯಲಿನ ಪಕ್ಕದಲ್ಲೇ ಹಾದು ಹೋಗುತ್ತದೆ, ಅಲ್ಲಿ ನಿಲ್ಲುತ್ತದೆ ಕೂಡ. ಬಸ್ ನಿಲ್ದಾಣದ ಕಂಬದ ಕೆಳಗೆ ಪೋಸ್ಟ್ ಮಾಸ್ಟರ್ ನಿಂತಿದ್ದರು. ಕಿಟಕಿಯ ಹತ್ತಿರ ಬಂದು, "ಇವತ್ತಾದ್ರೂ ಇಳೀರಿ ಅಕ್ಕ. ಒಂದೇ ಒಂದು ಸಲ ನನ್ನ ದುರ್ಬೀನಲ್ಲಿ ನೋಡಿ. ನೀವು ಉಳಿಸಿದ ಹಕ್ಕಿ" ಎಂದು ಕೇಳಿಕೊಂಡರು.

"ಬೇಡ ಸಾರ್. ನಾನು ಇಳಿದ್ರೆ ಎಲ್ಲ ಎದ್ದುಬಿಡ್ತಾವೆ. ನನ್ನ ನಡಿಗೆ ಅವಕ್ಕೆ ಗೊತ್ತು."

ಬಸ್ಸು ಹೊರಟಿತು. ಆಕೆ ಗಾಜಿನ ಮೇಲಿನ ಆವಿಯನ್ನು ತೋಳಿನಿಂದ ಒರೆಸಿ ಹಣೆಯನ್ನು ಗಾಜಿಗೆ ಒತ್ತಿದರು. ಬಯಲು ಮುಗಿಯುವವರೆಗೂ, ಒಂದು ನಿಮಿಷವಿರಬಹುದು, ಅಲ್ಲಾಡಲಿಲ್ಲ. ಹೊರಗೆ ಸಂಜೆಯ ಬೆಳಕಿನಲ್ಲಿ ಹಕ್ಕಿಗಳು ತಲೆ ಬಗ್ಗಿಸಿ ಮೇಯುತ್ತಿದ್ದವು. ಇಷ್ಟು ಮಾಡಿಯೂ ಹತ್ತಿರ ನಿಂತು ನೋಡುವ ಆಸೆ ಇಲ್ಲವೇ ಎಂದು ನಾನು ಕೇಳಿದೆ.

ಹುಶ್ಶಕ್ಕ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡರು.

"ನನ್ನ ಕಂಡ್ರೆ ಅವಕ್ಕೆ ಆಗಲ್ಲ" ಎಂದರು. "ಆಗೋದು ಬೇಡ. ಹೊಟ್ಟೆತುಂಬ ತಿಂದು ಊರು ಸೇರಲಿ."